ನುಸಿ ಸಾಯಬೇಕು, ಹಾವು ಬದುಕಬೇಕು

‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆ ನಮ್ಮಲ್ಲಿ ಯಾರ ಬಾಯಲ್ಲಿ ಇಲ್ಲ? ಕಚೇರಿಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಬಿದ್ದ ಗುಮಾಸ್ತ, ಅತ್ತೆಸೊಸೆಯರ ವ್ಯಾಜ್ಯದಲ್ಲಿ ತೀರ್ಪು ಹೇಳಬೇಕಾಗಿ ಬಂದ ಗೃಹಸ್ಥ, ಎರಡು ಪಕ್ಷಗಳಿಂದಲೂ ಊಟದ ಕರೆ ಬಂದ ಊರ ಹಿರಿಯ, ಎಲ್ಲರೂ ಒಂದಲ್ಲ ಒಂದು ದಿನ ಈ ಗಾದೆಯ ಮರೆಹೊಗುವವರೇ. ಆದರೆ ಅದನ್ನು ಆಡುವಾಗ ನಮ್ಮ ಲಕ್ಷ್ಯವೆಲ್ಲ ಕೋಲಿನ ಮೇಲೆ. ಹಾವು ಸಾಯದಿರಲಿ ಎಂಬ ಮಮತೆಯಿಂದ ಗಾದೆಯನ್ನು ಆಡಿದವರನ್ನು ನಾನಂತೂ ಕಂಡಿಲ್ಲ. ಹಾಗೆ ಹಂಬಲಿಸುವ ಮನೆಗಳೂ ಲೋಕದಲ್ಲಿ ಉಂಟು. ಈ ವಾರದ ವಿಚಾರ ಅಂಥ ಮನೆಗಳದು. ಸಾಕಿದ ಹಾವಿನ ಮರಿಗೆ ನುಸಿ ಹತ್ತಿದಾಗ ಮರಿಯನ್ನು ಕೊಲ್ಲದೆ ನುಸಿಯನ್ನು ಕೊಲ್ಲುವುದು ಹೇಗೆಂಬುದು.

ಓದುಗರಲ್ಲಿ ಕೆಲವರು ಹುಬ್ಬೇರಿಸಿಯಾರು. ಹಾವನ್ನು ಸಾಕುವುದೆ? ಅದಕ್ಕೆ ಚಿಕಿತ್ಸೆಯೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ನಮ್ಮದೇ ಅಲ್ಲವೆ? ಸಾಕಿದವರಿಗೆ ಹಾವೂ ಮುದ್ದೇ. ಅಮೆರಿಕ, ಇಂಗ್ಲೆಂಡ್, ಜರ್ಮನಿ ಮುಂತಾದ ದೇಶಗಳಲ್ಲಿ ನಾಯಿ ಬೆಕ್ಕುಗಳಂತೆಯೇ ಹಾವನ್ನೂ ಗಾಜಿನ ಗೂಡಿನಲ್ಲಿಟ್ಟು ಸಾಕುವ ವಾಡಿಕೆ ಬಲವಾಗಿ ಬೇರೂರಿದೆ. ಅಲ್ಲಿ ಹೆಚ್ಚಾಗಿ ಸಾಕುವವು ಎರಡು ಜಾತಿ. ಒಂದು, ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಎಂದರೆ ಜೋಳದ ಹಾವು. ಮುಸುಕಿನ ಜೋಳದ ಕಣಜಗಳಲ್ಲಿ ಇಲಿಯನ್ನು ಅರಸಿ ಬರುತ್ತಿದ್ದುದರಿಂದ ಈ ಹೆಸರು ಬಂತೆಂದು ಕೆಲವರು, ಹೊಟ್ಟೆಯ ಮೇಲಿನ ಚೌಕುಳಿ ಜೋಳದ ತೆನೆಯಂತೆ ಕಾಣುವುದರಿಂದ ಬಂತೆಂದು ಕೆಲವರು ಹೇಳುತ್ತಾರೆ. ಇನ್ನೊಂದು ಆಫ್ರಿಕದ ಬಾಲ್ ಪೈಥಾನ್. ಹೆದರಿದಾಗ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಸುರುಳಿಯಾಗುವ ಸಾಧು ಹೆಬ್ಬಾವು ಇದು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಇದರ ಮರಿಗಳು ಹಡಗುವಿಮಾನಗಳಲ್ಲಿ ದೂರದೇಶಗಳಿಗೆ ಹೋಗುತ್ತವೆ. ಎರಡಕ್ಕೂ ವಿಷವಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ನಮ್ಮ ದೇಶದ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪರಾಧ. ನಾಗರ, ಕೇರೆ, ಹೆಬ್ಬಾವು ಎಂಬ ಭೇದವಿಲ್ಲ. ಎರಡು ತಲೆಯ ಹಾವೆಂದು ಮೂಢರು ಕರೆಯುವ ಮಣ್ಣುಮುಕ್ಕನನ್ನು ನಿಧಿಯ ಆಸೆಯಿಂದ ಮಾರಹೊರಟವರು ನಮ್ಮ ಜಿಲ್ಲೆಗಳಲ್ಲಿಯೇ ಸೆರೆಮನೆ ಕಂಡಿದ್ದಾರೆ. ವಿದೇಶದ ಹಾವುಗಳ ವಿಷಯದಲ್ಲಿಯೂ 2022ರ ತಿದ್ದುಪಡಿಯಿಂದೀಚೆಗೆ ಕಾನೂನು ಬಿಗಿಯಾಗಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಆದುದರಿಂದ ಈ ಲೇಖನ ಓದಿ ಹಿತ್ತಿಲ ಹುತ್ತದ ಕಡೆಗೆ ಯಾರೂ ಕೈಚಾಚದಿರಲಿ. ನಾನು ಬರೆಯುತ್ತಿರುವುದು ಕಾನೂನು ಒಪ್ಪಿರುವ ದೇಶಗಳಲ್ಲಿ ಹಾವು ಸಾಕುವವರ ಪಾಡನ್ನು. ನಮ್ಮವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೂ ಇದ್ದಾರೆ; ಹಾವಿನ ಗೂಡು ಈಗ ಕನ್ನಡ ಮನೆಗಳ ಪಡಸಾಲೆಯನ್ನೂ ಹೊಕ್ಕಿದೆ.

ನುಸಿ ಎಂಬ ಮಾತು ನಮಗೆ ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬಳಿಕ ನಮ್ಮ ತೋಟಗಳಿಗೂ ಹಬ್ಬಿದ ತೆಂಗಿನ ನುಸಿಯ ಹಾವಳಿಯನ್ನು ತುಮಕೂರು, ಹಾಸನ ಸೀಮೆಯ ರೈತರು ಮರೆತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಉರುಳಿ, ಹಿಂದೆಯೇ ಮನುಷ್ಯರೂ ಜ್ವರದಿಂದ ಮಲಗಿದಾಗ, ಆ ರೋಗವನ್ನು ಹೊತ್ತು ತಿರುಗಿದ ಉಣುಗು ಇದೇ ಬಳಗದ ಜೀವಿ. ಜೇಡ, ಚೇಳು, ಉಣುಗು, ನುಸಿ ಇವೆಲ್ಲ ಎಂಟು ಕಾಲಿನ ಒಂದೇ ಕುಲಕ್ಕೆ ಸೇರಿದವು. ನೋಡಲು ಅತಿ ಸಣ್ಣದಾದ ಪ್ರಾಣಿ ತನಗಿಂತ ಲಕ್ಷಪಾಲು ದೊಡ್ಡದನ್ನು ಕೆಡವಬಲ್ಲದೆಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾವಿನ ನುಸಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಒಫಿಯೊನಿಸಸ್ ನಾಟ್ರಿಸಿಸ್. 1844ರಲ್ಲಿ ಫ್ರಾನ್ಸಿನ ಪಾಲ್ ಗರ್ವೇ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ಮೊದಲು ವರ್ಣಿಸಿದ. ರಕ್ತ ಹೀರಿ ಕೊಬ್ಬಿದ ಹೆಣ್ಣು ನುಸಿ ಹೆಚ್ಚೆಂದರೆ ಒಂದು ಗಸಗಸೆ ಕಾಳಿನಷ್ಟು, ಬಣ್ಣ ಕಪ್ಪು. ಹಸಿದದ್ದು ಇನ್ನೂ ಸಣ್ಣದು, ಮಾಸಲು ಬಣ್ಣದ್ದು, ಕಣ್ಣಿಗೆ ಬೀಳುವುದೇ ಕಷ್ಟ. ಹಾವಿನ ಹುರುಪೆಗಳ ಸಂದಿ, ಗದ್ದದ ಕೆಳಗಿನ ಮಡಿಕೆ, ಕಣ್ಣಿನ ಸುತ್ತಣ ಅಂಚು, ಮಲದ್ವಾರ ಇವು ಇದರ ತಂಗುದಾಣಗಳು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಪಾರದರ್ಶಕವಾದ ಒಂದು ಪೊರೆ ಮುಚ್ಚಿರುತ್ತದೆ. ಆ ಪೊರೆಯ ಅಂಚಿನಲ್ಲಿ ನುಸಿ ಸೇರಿಕೊಂಡರೆ ಕೈಯಿಲ್ಲದ ಪ್ರಾಣಿ ಏನು ತಾನೆ ಮಾಡೀತು? ತುರಿಸಿಕೊಳ್ಳಲಾರದು, ಕೊಡವಿಕೊಳ್ಳಲಾರದು. ನೀರಿನ ಬಟ್ಟಲಲ್ಲಿ ಮುಳುಗಿ ಕುಳಿತುಕೊಳ್ಳುವುದೊಂದೇ ಅದಕ್ಕೆ ತಿಳಿದ ಉಪಾಯ. ಆದರೆ ಉಸಿರಾಟಕ್ಕಾಗಿ ತಲೆಯನ್ನು ಹೊರಗಿಡಲೇಬೇಕು. ಜಾಣ ನುಸಿಗಳೆಲ್ಲ ತಲೆಗೆ ಏರಿ ಕುಳಿತುಕೊಳ್ಳುತ್ತವೆ.

ಈ ಪ್ರಾಣಿಯ ದಿನಚರಿಯನ್ನು ತಾಳ್ಮೆಯಿಂದ ಕುಳಿತು ಬರೆದವನು ಜೋಸೆಫ್ ಕ್ಯಾಮಿನ್ ಎಂಬ ಅಮೆರಿಕದ ವಿಜ್ಞಾನಿ. 1953ರಲ್ಲಿ ಶಿಕಾಗೊ ಅಕಾಡೆಮಿ ಆಫ್ ಸೈನ್ಸಸ್ ಪ್ರಕಟಿಸಿದ ಆತನ ಪ್ರಬಂಧ ಇಂದಿಗೂ ವೈದ್ಯರಿಗೆ ಆಧಾರ. ಹೆಣ್ಣು ನುಸಿ ಹೊಟ್ಟೆತುಂಬ ರಕ್ತ ಕುಡಿದ ಮೇಲೆ ಹಾವಿನ ಮೈಬಿಟ್ಟು ಇಳಿಯುತ್ತದೆ. ಕತ್ತಲೂ ತೇವವೂ ಇರುವ ಸಂದಿಯೊಂದನ್ನು ಹುಡುಕಿ ಮೊಟ್ಟೆಯಿಡುತ್ತದೆ. ಜೀವಮಾನದಲ್ಲಿ ಎರಡು ಮೂರು ಕಂತುಗಳಲ್ಲಿ 60ರಿಂದ 80 ಮೊಟ್ಟೆ. ಅವು ಬೆಚ್ಚಗಿನ ಗೂಡಿನಲ್ಲಿ ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗೆ ಆರೇ ಕಾಲು; ಅದು ಏನನ್ನೂ ತಿನ್ನದು. ಮೊದಲ ಪೊರೆ ಕಳಚಿ ಎಂಟು ಕಾಲಾದೊಡನೆ ರಕ್ತದ ದಾಹ ಹುಟ್ಟುತ್ತದೆ. ಆಮೇಲೆ ಮತ್ತೊಂದು ಉಪವಾಸದ ಹಂತ. ಅದು ಕಳೆದರೆ ಪ್ರಾಯ. ಮೊಟ್ಟೆಯಿಂದ ಪ್ರಾಯಕ್ಕೆ 13ರಿಂದ 19 ದಿನ. ಪ್ರಾಯಕ್ಕೆ ಬಂದದ್ದು ಸುಮಾರು 40 ದಿನ ಬದುಕಬಲ್ಲದು. ಇಷ್ಟೇ ಸಾಲದೆಂಬಂತೆ, ಗಂಡಿನ ಸಂಪರ್ಕವಿಲ್ಲದ ಹೆಣ್ಣಿನ ಮೊಟ್ಟೆಗಳೂ ಒಡೆದು ಗಂಡುಮರಿಗಳಾಗುತ್ತವೆ. ಎಂದರೆ ಒಂದೇ ಒಂದು ಹೆಣ್ಣು ಗೂಡು ಹೊಕ್ಕರೂ ವಂಶ ಬೆಳೆಯುವುದಕ್ಕೆ ಅಡ್ಡಿಯಿಲ್ಲ.

ಈ ಲೆಕ್ಕದಲ್ಲಿ ಚಿಕಿತ್ಸೆಯ ಮರ್ಮವೆಲ್ಲ ಅಡಗಿದೆ. ಹಾವಿನ ಮೈಮೇಲೆ ಕಾಣುವ ನುಸಿ ಸೈನ್ಯದ ಒಂದು ತುಕಡಿ ಮಾತ್ರ. ಉಳಿದದ್ದು ಗೂಡಿನ ಮುಚ್ಚಳದ ಅಂಚಿನಲ್ಲಿ, ಮರದ ತುಂಡಿನ ಬಿರುಕಿನಲ್ಲಿ, ನೆಲಕ್ಕೆ ಹಾಸಿದ ಹೊಟ್ಟಿನ ಅಡಿಯಲ್ಲಿ, ಕೆಲವೊಮ್ಮೆ ಪಕ್ಕದ ಕಪಾಟಿನಲ್ಲಿಯೂ ಇರುತ್ತದೆ. ಇಂದು ಮೈಮೇಲಿದ್ದದ್ದನ್ನೆಲ್ಲ ತೊಳೆದರೂ ನಾಲ್ಕು ದಿನಕ್ಕೆ ಹೊಸ ಪಡೆ ಸಿದ್ಧ. ಒಂದು ಹೆಣ್ಣಿನ 60 ಮರಿಗಳಲ್ಲಿ ಅರ್ಧ ಹೆಣ್ಣೆಂದೂ ಎಲ್ಲವೂ ಬದುಕಿದವೆಂದೂ ಇಟ್ಟುಕೊಳ್ಳಿ. ಎರಡನೆಯ ತಲೆಮಾರಿಗೆ 900 ಹೆಣ್ಣು, ಮೂರನೆಯದಕ್ಕೆ 27,000. ಎಲ್ಲವೂ ಬದುಕುವುದಿಲ್ಲ ನಿಜ. ಆದರೂ ಎರಡು ತಿಂಗಳ ಅಲಕ್ಷ್ಯದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ದೊಡ್ಡ ಹೆಬ್ಬಾವಿಗೆ ನಾಲ್ಕು ನುಸಿ ಕಚ್ಚಿದರೆ ತುರಿಕೆ, ಮರಿಗೆ ಹಾಗಲ್ಲ. ಮೊಟ್ಟೆಯೊಡೆದು ಬಂದ ಜೋಳದ ಹಾವಿನ ಮರಿ ಸುಮಾರು 7 ಗ್ರಾಂ, ಎಂದರೆ ನಮ್ಮ ಐದು ರೂಪಾಯಿ ನಾಣ್ಯದ ತೂಕ. ಸರೀಸೃಪಗಳಲ್ಲಿ ರಕ್ತ ದೇಹತೂಕದ ನೂರಕ್ಕೆ 5ರಿಂದ 8 ಪಾಲು. ಆ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಅರ್ಧ ಮಿಲಿಲೀಟರು, ಹತ್ತು ಹನಿ! ಅದನ್ನೇ ನೂರಾರು ನುಸಿಗಳು ಹಂಚಿಕೊಂಡು ಕುಡಿದರೆ ಮರಿ ಬಿಳಚಿಕೊಳ್ಳುತ್ತದೆ, ಆಹಾರ ಮುಟ್ಟುವುದಿಲ್ಲ, ಪೊರೆ ತುಂಡು ತುಂಡಾಗಿ ಮೈಗೇ ಅಂಟಿಕೊಳ್ಳುತ್ತದೆ. ರಕ್ತನಷ್ಟದೊಡನೆ ರೋಗವೂ ಬರುವುದುಂಟು. ಏರೊಮೊನಾಸ್ ಎಂಬ ಬ್ಯಾಕ್ಟೀರಿಯ ನುಸಿಯ ಮೂಲಕ ಹಾವಿನಿಂದ ಹಾವಿಗೆ ಹರಡಿ ರಕ್ತವನ್ನು ನಂಜಾಗಿಸುತ್ತದೆಂದು ಅದೇ ಕ್ಯಾಮಿನ್ 1948ರಲ್ಲಿಯೇ ತೋರಿಸಿದ್ದ. ಹೆಬ್ಬಾವು ಮತ್ತು ಬೋವಾಗಳನ್ನು ನರಳಿಸಿ ಕೊಲ್ಲುವ ಒಂದು ಮಾರಕ ಕಾಯಿಲೆಯ ಹಿಂದೆ ಅರೆನಾ ವರ್ಗದ ವೈರಸ್ ಇದೆಯೆಂದು 2012ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಕಂಡುಹಿಡಿದರು. ಅದನ್ನು ಹರಡುವುದರಲ್ಲಿಯೂ ನುಸಿಯ ಕೈವಾಡವಿರಬಹುದೆಂಬ ಸಂದೇಹ ವೈದ್ಯರಿಗಿದೆ.

ಇಷ್ಟು ಕೇಳಿದವರು ‘ಹಾಗಾದರೆ ಬಲವಾದ ಔಷಧಿಯನ್ನೇ ಸಿಂಪಡಿಸಿ ಮುಗಿಸಬಾರದೆ?’ ಎನ್ನುತ್ತಾರೆ. ಅನಾಹುತ ಆರಂಭವಾಗುವುದು ಇಲ್ಲಿಯೇ. ನನ್ನ ಸೋದರತ್ತೆಯೊಬ್ಬರು ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕದ ಓಹಾಯೊ ರಾಜ್ಯಕ್ಕೆ ಹೋಗಿ ಆರು ತಿಂಗಳಿದ್ದು ಬಂದರು. ನಾಗರಪಂಚಮಿಯ ದಿನ ಹುತ್ತಕ್ಕೆ ತನಿಯೆರೆಯದೆ ನೀರು ಮುಟ್ಟದ ಹೆಂಗಸು. ಅಲ್ಲಿ ಹೋಗಿ ನೋಡಿದರೆ ಹನ್ನೊಂದು ವರ್ಷದ ಮೊಮ್ಮಗನ ಕೋಣೆಯಲ್ಲಿ ಗಾಜಿನ ಗೂಡು, ಅದರಲ್ಲಿ ಕೆಂಬಣ್ಣದ ಎರಡು ಮರಿ. ಮೊದಲ ವಾರ ಅತ್ತೆ ಆ ಕೋಣೆಯ ಹೊಸಲು ದಾಟಲಿಲ್ಲ, ದೂರದಿಂದಲೇ ಕೈಮುಗಿದರು. ಎರಡನೆಯ ವಾರ ಅವರೇ ಒಂದು ಸಂಗತಿಯನ್ನು ಗಮನಿಸಿದರು: ಮರಿಗಳು ಹಗಲೆಲ್ಲ ನೀರಿನ ಬಟ್ಟಲು ಬಿಟ್ಟು ಏಳುತ್ತಿರಲಿಲ್ಲ. ‘ಪಾಪ, ಮೈ ಉರಿಯೋ ಏನೋ, ನೋಡೋ’ ಎಂದರು. ಹುಡುಗ ಬಿಳಿಯ ಕಾಗದದಿಂದ ಮರಿಯ ಮೈ ಒರಸಿದ. ಕಾಗದದ ಮೇಲೆ ಮೆಣಸಿನ ಪುಡಿಯಂಥ ಚುಕ್ಕೆ, ಒತ್ತಿದರೆ ಕೆಂಪು.

ಅಂಗಡಿಯವನೊಬ್ಬ ಕೊಟ್ಟ ಕೀಟನಾಶಕದ ಡಬ್ಬಿಯನ್ನು ತಂದೆ ತಂದ. ಒಂದು ಮರಿಯನ್ನು ಹೊರತೆಗೆದು ಮೈತುಂಬ ಸಿಂಪಡಿಸಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟ. ರಾತ್ರಿ ಹನ್ನೊಂದಕ್ಕೆ ಆ ಮರಿ ಕತ್ತನ್ನು ಹಿಂದಕ್ಕೆ ಮುರಿದಂತೆ ಎತ್ತಿ ಆಕಾಶ ನೋಡತೊಡಗಿತು. ಬೆನ್ನಡಿಯಾಗಿ ಮಲಗಿಸಿದರೆ ಮಗುಚಿಕೊಳ್ಳಲಾರದೆ ಹೋಯಿತು. ಬೆಳಗಾಗುವುದರೊಳಗೆ ಸತ್ತಿತ್ತು. ಅದರ ಮೈಮೇಲಿನ ನುಸಿಗಳೂ ಸತ್ತಿದ್ದುವೆಂಬುದನ್ನು ಸಮಾಧಾನವೆಂದು ಯಾರೂ ಎಣಿಸಲಿಲ್ಲ. ಹುಡುಗ ಎರಡು ದಿನ ಊಟ ಬಿಟ್ಟ. ಉಳಿದ ಮರಿಯನ್ನು ಸರೀಸೃಪಗಳ ವೈದ್ಯರೊಬ್ಬರಲ್ಲಿಗೆ ಒಯ್ದರು. ಅವರು ಹೇಳಿದ ಕ್ರಮವನ್ನು ಆರು ವಾರ ಬಿಡದೆ ನಡೆಸಿದವರಲ್ಲಿ ನನ್ನ ಅತ್ತೆಯೂ ಒಬ್ಬರು. ಹಳೆಯ ಕಾಗದ ತೆಗೆದು ಹೊಸದನ್ನು ಹಾಸುವುದು ಅವರ ಪಾಲಿನ ಕೆಲಸ. ಆರನೆಯ ವಾರ ಆ ಮರಿ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ಎಳೆಯಾಗಿ ಪೊರೆ ಬಿಟ್ಟಿತೆಂದು ದೂರವಾಣಿಯಲ್ಲಿ ಹೇಳುವಾಗ, ಮೊಮ್ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದಷ್ಟೇ ಹಿಗ್ಗು ಅವರ ಧ್ವನಿಯಲ್ಲಿತ್ತು.

ಮೊದಲ ಮರಿ ಸತ್ತುದೇಕೆ? ಒಂದು ಅಚ್ಚು ಬೆಲ್ಲವನ್ನೂ ಅಷ್ಟೇ ತೂಕದ ಪುಡಿಬೆಲ್ಲವನ್ನೂ ನೀರಿಗೆ ಹಾಕಿ ನೋಡಿ. ಪುಡಿ ಮೊದಲು ಕರಗುತ್ತದೆ. ವಸ್ತು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಹೆಚ್ಚು. ಮರಿಯ ವಿಷಯವೂ ಇದೇ. ಅದರ ತೆಳುವಾದ ಚರ್ಮ ದೊಡ್ಡ ಹಾವಿಗಿಂತ ಎಷ್ಟೋ ಪಾಲು ಹೆಚ್ಚು ಮದ್ದನ್ನು ಒಳಗೆಳೆದುಕೊಳ್ಳುತ್ತದೆ. ಇನ್ನು ಮುಚ್ಚಿದ ಪೆಟ್ಟಿಗೆಯ ಆವಿ ಶ್ವಾಸಕೋಶಕ್ಕೆ ನೇರವಾಗಿ ಹೋಗುತ್ತದೆ. ನುಸಿಯ ನರವನ್ನು ಹಿಡಿಯುವ ವಿಷ ಹಾವಿನ ನರವನ್ನು ಹಿಡಿಯದೆಂಬ ಭರವಸೆ ಎಲ್ಲಿದೆ? ಹಿಂದೆ ಡೈಕ್ಲೋರ್‌ವಾಸ್ ಎಂಬ ವಿಷದಲ್ಲಿ ಅದ್ದಿದ ಪಟ್ಟಿಗಳನ್ನು ಗೂಡಿನೊಳಗೆ ತೂಗುಹಾಕುವ ರೂಢಿಯಿತ್ತು. ಅದು ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುವ ಜಾತಿಯ ವಿಷ. ಮರಿಗಳಿರುವ ಮನೆಯಲ್ಲಿ ಅದರ ಹೆಸರೆತ್ತದಿರುವುದೇ ಮೇಲು.

ಐವರ್‌ಮೆಕ್ಟಿನ್ ಎಂಬ ಔಷಧಿಯ ಕಥೆ ಇನ್ನೂ ಬೋಧಪ್ರದವಾದುದು. ಮನುಷ್ಯರ ಕುರುಡನ್ನು ತಡೆದು 2015ರಲ್ಲಿ ತನ್ನನ್ನು ಶೋಧಿಸಿದವರಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟ ದಿವ್ಯೌಷಧಿ ಅದು. ಹಾವುಗಳಿಗೂ ವೈದ್ಯರು ಅದನ್ನು ಕೊಡುವುದುಂಟು. ಪ್ರಮಾಣ ಕಿಲೋಗ್ರಾಂ ತೂಕಕ್ಕೆ 0.2 ಮಿಲಿಗ್ರಾಂ. ಈಗ 7 ಗ್ರಾಂ ಮರಿಯ ಲೆಕ್ಕ ಹಾಕಿ: ಅದಕ್ಕೆ ಬೇಕಾದುದು 0.0014 ಮಿಲಿಗ್ರಾಂ. ದನಗಳಿಗೆಂದು ಮಾರುವ ನೂರಕ್ಕೆ ಒಂದರ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 0.5 ಮಿಲಿಗ್ರಾಂ ಇರುತ್ತದೆ. ಒಂದು ಹನಿಯೇ ಮುನ್ನೂರೈವತ್ತು ಪಟ್ಟು ಹೆಚ್ಚಾಯಿತು! ಅಮೃತವೂ ಅತಿಯಾದರೆ ವಿಷವೆಂಬ ಮಾತಿಗೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ಬೇಕೆ? ಇದೇ ಔಷಧಿ ಆಮೆಗಳಿಗೆ ಪ್ರಾಣಾಂತಿಕ. ಒಂದೇ ಕೋಣೆಯಲ್ಲಿ ಹಾವೂ ಆಮೆಯೂ ಇರುವವರು ಇದನ್ನು ಚೆನ್ನಾಗಿ ನೆನಪಿಡಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಪ್ರತ್ಯೇಕವಾಸ. ನುಸಿ ಕಂಡ ಮರಿಯನ್ನು ಇತರ ಹಾವುಗಳಿಂದ ಬೇರೆ ಕೋಣೆಗೆ ಸಾಗಿಸಬೇಕು. ಅದರ ಉಪಚಾರವನ್ನು ಎಲ್ಲಕ್ಕೂ ಕಡೆಗೆ ಮಾಡಿ ಕೈ ತೊಳೆದು ಬಟ್ಟೆ ಬದಲಾಯಿಸಬೇಕು. ಗೂಡು ಸರಳವಾಗಿರಲಿ. ನಯವಾದ ಪ್ಲಾಸ್ಟಿಕ್ ಡಬ್ಬಿ, ಗಾಳಿಗೆ ಸಣ್ಣ ರಂಧ್ರ, ನೆಲಕ್ಕೆ ಬಿಳಿಯ ಕಾಗದ, ಅಡಗಲು ತೊಳೆಯಬಲ್ಲ ಒಂದು ಗೂಡುಬಟ್ಟಲು, ಕುಡಿಯಲು ನೀರು. ಇಷ್ಟು ಸಾಕು. ಬಿಳಿಯ ಕಾಗದದಿಂದ ಎರಡು ಲಾಭ: ನುಸಿಗೆ ಮೊಟ್ಟೆಯಿಡಲು ಸಂದಿ ಸಿಗದು, ಬಿದ್ದ ನುಸಿ ಕಣ್ಣಿಗೆ ಕಾಣುತ್ತದೆ. ಕಾಗದವನ್ನು ದಿನವೂ ತೆಗೆದು ಬಿಗಿಯಾದ ಚೀಲದಲ್ಲಿ ಕಟ್ಟಿ ಮನೆಯಿಂದಾಚೆಗೆ ಎಸೆಯಬೇಕು.

ಎರಡನೆಯದು ಸ್ನಾನ. ನೀರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಲಿ. ಉಷ್ಣಮಾಪಕದಿಂದ ಅಳೆಯಿರಿ, ಕೈಯನ್ನು ನಂಬಬೇಡಿ. ನಮ್ಮ ಕೈಗೆ ಹಿತವಾಗಿ ಬೆಚ್ಚಗಿರುವ ನೀರು ಮರಿಗೆ ಬಿಸಿಯಾದೀತು. ಆಳ ಮರಿಯ ಮೈದಪ್ಪವನ್ನು ಮೀರಬಾರದು. ಹದಿನೈದು ಇಪ್ಪತ್ತು ನಿಮಿಷ ಸಾಕು. ಅಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿ ಕುಳಿತಿರಬೇಕು, ಬಳಲಿದ ಮರಿ ಅಂಗೈ ನೀರಿನಲ್ಲಿಯೂ ಮುಳುಗಬಲ್ಲದು. ತಲೆಗೆ ಏರಿದ ನುಸಿಗಳನ್ನು ಒದ್ದೆಯಾದ ಹತ್ತಿಯ ಕಡ್ಡಿಯಿಂದ ಗದ್ದದ ಕೆಳಗೆ, ಕಣ್ಣಿನ ಸುತ್ತ ಮೆಲ್ಲನೆ ತೆಗೆಯಬಹುದು. ಕಣ್ಣಿನ ಪೊರೆಯನ್ನು ಮಾತ್ರ ಕೆದಕಬಾರದು. ಊಟವಾದ ಎರಡು ದಿನ ಸ್ನಾನವೂ ಬೇಡ, ಎತ್ತಾಡಿಸುವುದೂ ಬೇಡ, ನುಂಗಿದ್ದನ್ನು ಕಕ್ಕಿಬಿಡುತ್ತದೆ. ಮೈಗೆ ಎಣ್ಣೆ ಸವರಿ ನುಸಿಯ ಉಸಿರು ಕಟ್ಟಿಸುವ ಹಳೆಯ ಪದ್ಧತಿಯೊಂದುಂಟು. ಅದರಿಂದ ಕೆಲವು ನುಸಿ ಸಾಯುವುದು ನಿಜವಾದರೂ ಮೈ ಜಿಡ್ಡಾಗಿ ಕಸ ಮೆತ್ತಿಕೊಳ್ಳುತ್ತದೆ, ಮೊಟ್ಟೆಗಳಂತೂ ಗೂಡಿನಲ್ಲಿ ಕ್ಷೇಮವಾಗಿಯೇ ಇರುತ್ತವೆ. ಬೇವು, ನೀಲಗಿರಿ ಮುಂತಾದ ಘಾಟಿನ ತೈಲಗಳು ‘ಪ್ರಕೃತಿದತ್ತ’ ಎಂಬ ಹೆಸರು ಹೊತ್ತಿದ್ದರೂ ಮರಿಯ ಹತ್ತಿರ ಸುಳಿಯಬಾರದು.

ಮೂರನೆಯದೂ ಮುಖ್ಯವಾದುದೂ ಹಳೆಯ ಗೂಡಿನ ಶುದ್ಧಿ. ಹೊಟ್ಟು, ತೊಗಟೆ, ಬಿರುಕುಬಿಟ್ಟ ಮರ ಇವನ್ನು ಉಳಿಸಿಕೊಳ್ಳುವ ಮೋಹ ಬೇಡ. ಉಳಿದುದಕ್ಕೆ ಬಿಸಿನೀರೇ ಮದ್ದು. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವನ್ನು ನುಸಿ ತಡೆಯಲಾರದು. ಮುಚ್ಚಳದ ಅಂಚು, ಮೂಲೆ, ತಂತಿಯ ಸಂದುಗಳನ್ನು ಬಿಡದೆ ತಿಕ್ಕಬೇಕು. ಗೂಡಿನ ಸುತ್ತಣ ನೆಲವನ್ನೂ ಕಪಾಟನ್ನೂ ಗುಡಿಸಿ ಒರಸಬೇಕು. ಒಣಹವೆಯಲ್ಲಿ ಮೊಟ್ಟೆಗಳು ಸೊರಗುತ್ತವೆಂಬುದು ನಿಜ. ಆದರೆ ಅದಕ್ಕಾಗಿ ಮರಿಯಿರುವ ಡಬ್ಬಿಯನ್ನೇ ಒಣಗಿಸಿದರೆ ಮರಿ ನೀರಾರಿ ಬಳಲುತ್ತದೆ. ಒಣಗಿಸಬೇಕಾದುದು ಖಾಲಿ ಗೂಡನ್ನು.

ಇಷ್ಟಕ್ಕೂ ಜಗ್ಗದಿದ್ದರೆ ಔಷಧಿ. ಅದು ವೈದ್ಯರ ಕೈಯಿಂದ. ಪರ್ಮೆತ್ರಿನ್ ಎಂಬುದು ಸೇವಂತಿಗೆಯ ಬಳಗದ ಒಂದು ಹೂವಿನ ಸತ್ವವನ್ನು ಅನುಕರಿಸಿ ಪ್ರಯೋಗಶಾಲೆಯಲ್ಲಿ ಮಾಡಿದ ಮದ್ದು. ಸರೀಸೃಪಗಳ ಗೂಡಿಗೆಂದೇ ತಯಾರಿಸಿದ ತೆಳುವಾದ ದ್ರಾವಣವನ್ನು ಹಾವಿಲ್ಲದ, ನೀರಿನ ಬಟ್ಟಲೂ ಇಲ್ಲದ ಗೂಡಿಗೆ ಸಿಂಪಡಿಸಿ, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಮಾತ್ರ ಹಾವನ್ನು ಬಿಡಬೇಕು. ತೋಟಕ್ಕೆ, ದನಕ್ಕೆ, ನಾಯಿಗೆಂದು ಮಾರುವುದನ್ನು ನೀರು ಬೆರೆಸಿ ಬಳಸಹೊರಟರೆ ಪ್ರಮಾಣ ತಪ್ಪುತ್ತದೆ. ಬೆಕ್ಕಿಗೂ ಅಕ್ವೇರಿಯಮ್ಮಿನ ಮೀನಿಗೂ ಇದು ಘೋರ ವಿಷವೆಂಬುದೂ ನೆನಪಿರಲಿ. ಫಿಪ್ರೊನಿಲ್ ಎಂಬ ಮತ್ತೊಂದನ್ನು ವೈದ್ಯರು ಬಟ್ಟೆಗೆ ಹಾಕಿ ಒರಸುವುದುಂಟು. ಅದರಲ್ಲಿ ಬೆರೆತ ಆಲ್ಕೊಹಾಲೇ ಎಳೆಯ ಮರಿಗೆ ಅಪಾಯಕಾರಿ.

ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯವೂ ಒಂದಿದೆ. ಸ್ಟ್ರಾಟಿಯೊಲೀಲಾಪ್ಸ್ ಎಂಬ ಮಣ್ಣಿನ ನುಸಿ ಇತರ ನುಸಿಗಳನ್ನು ಬೇಟೆಯಾಡಿ ತಿನ್ನುತ್ತದೆ. ಹಾವಿನ ರಕ್ತ ಅದಕ್ಕೆ ಬೇಡ. ಗಾಜಿನ ಮನೆಗಳಲ್ಲಿ ಹೂಗಿಡ ಬೆಳೆಸುವವರು ಮಣ್ಣಿನ ಹುಳುಗಳನ್ನು ಹತ್ತಿಕ್ಕಲು ಅದನ್ನು ಕೊಂಡು ತರುತ್ತಾರೆ. ಹಾವಿನ ಗೂಡಿಗೆ ಬಿಟ್ಟರೆ ಸಂದುಗೊಂದುಗಳನ್ನೆಲ್ಲ ಶೋಧಿಸಿ, ಬೇಟೆ ಮುಗಿದ ಮೇಲೆ ಉಪವಾಸದಿಂದ ತಾನೇ ಅಳಿಯುತ್ತದೆ. ಮರಿಗಳಿಗೆ ಇದು ಸೌಮ್ಯವಾದ ಮಾರ್ಗ. ಆದರೆ ಕೀಟನಾಶಕವನ್ನೂ ಇದನ್ನೂ ಒಟ್ಟಿಗೆ ಬಳಸಿದರೆ ಮೊದಲು ಸಾಯುವವರು ನಮ್ಮ ಕಡೆಯ ಸೈನಿಕರೇ.

ಯಾವ ದಾರಿ ಹಿಡಿದರೂ ಕಾಲ ಬೇಕು. ಮೊಟ್ಟೆಯಿಂದ ಪ್ರಾಯಕ್ಕೆ ಹೆಚ್ಚೆಂದರೆ 19 ದಿನವೆಂದ ಮೇಲೆ, ಎರಡು ತಲೆಮಾರು ದಾಟುವವರೆಗೆ, ಎಂದರೆ ಆರು ವಾರ ಕ್ರಮವನ್ನು ಸಡಿಲಿಸುವಂತಿಲ್ಲ. ಹೆಚ್ಚಿನವರು ಸೋಲುವುದು ಎರಡನೆಯ ವಾರ. ನುಸಿ ಕಾಣದಾಯಿತೆಂದು ಹಳೆಯ ಮರದ ತುಂಡನ್ನು ಗೂಡಿಗೆ ಮರಳಿಸುತ್ತಾರೆ, ತಿಂಗಳೊಳಗೆ ಯಥಾಪ್ರಕಾರ. ವಾರಕ್ಕೊಮ್ಮೆ ಮರಿಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯದು. ತೂಕ ಇಳಿಯುತ್ತ ಬಂದರೆ, ಬಾಯೊಳಗಿನ ಬಣ್ಣ ಬಿಳಚಿದರೆ, ಬಾಯಿ ತೆರೆದು ಉಸಿರಾಡಿದರೆ, ಮೈ ನಡುಗಿದರೆ ಆ ದಿನವೇ ವೈದ್ಯರಲ್ಲಿಗೆ ಓಡಬೇಕು. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರಿಗೆಂದೇ 1991ರಲ್ಲಿ ಸ್ಥಾಪಿತವಾದ ಸಂಘವೊಂದಿದೆ. ಅದರ ಮೂಲಕ ಹತ್ತಿರದ ತಜ್ಞರ ವಿಳಾಸ ದೊರೆಯುತ್ತದೆ. ಮನೆಯವರ ಕ್ಷೇಮವೂ ಮುಖ್ಯ. ಈ ನುಸಿ ಮನುಷ್ಯರನ್ನು ಕಚ್ಚಿ ಗಂಧೆಯೆಬ್ಬಿಸುವುದುಂಟು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಇರುವುದರಿಂದ ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವನ್ನು ಕೊಡಲೇಬಾರದು.

ಬಂದ ಮೇಲೆ ಒದ್ದಾಡುವುದಕ್ಕಿಂತ ಬಾರದಂತೆ ತಡೆಯುವುದು ಲೇಸು. ಹೊಸದಾಗಿ ಕೊಂಡ ಮರಿ ಎಷ್ಟೇ ಆರೋಗ್ಯವಾಗಿ ಕಾಣಲಿ, ಕಡಿಮೆಯೆಂದರೆ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು, ಬೇರೆ ಕೋಣೆಯಲ್ಲಿ ಬಿಳಿಯ ಕಾಗದದ ಮೇಲೆ ಇರಬೇಕು. ಕೊಳ್ಳುವ ಮುನ್ನ ಅಂಗಡಿಯ ನೀರಿನ ಬಟ್ಟಲನ್ನು ಬಗ್ಗಿ ನೋಡಬೇಕು. ತಳದಲ್ಲಿ ಕರಿಯ ಚುಕ್ಕೆಗಳಿದ್ದರೆ ಹಾವು ಎಷ್ಟೇ ಚೆಲುವಾಗಿದ್ದರೂ ಹಿಂದಿರುಗಬೇಕು. ಸಮುದ್ರದಾಚೆ ಮೊಮ್ಮಕ್ಕಳಿರುವ ಹಿರಿಯರು ಮುಂದಿನ ವಾರ ದೂರವಾಣಿಯಲ್ಲಿ ಮಾತಾಡುವಾಗ ‘ನಿನ್ನ ಹಾವು ನೀರಿನಲ್ಲಿಯೇ ಕುಳಿತಿರುತ್ತದೆಯೆ?’ ಎಂದು ಒಂದು ಮಾತು ಕೇಳಿ. ಹೌದೆಂದರೆ ಡಬ್ಬಿಯ ಮದ್ದಿಗೆ ಕೈಹಾಕುವ ಮುನ್ನ ಬಿಳಿಯ ಕಾಗದವನ್ನು ಹಾಸಲು ಹೇಳಿ.